ಟಿಬಿ ಜೀನೋಮ್ ಓದಲು ಮೂರು ದಾರಿ: ಬದಿಯಡ್ಕದ ಮನೆಯಲ್ಲಿ ಮಾಡಿ ನೋಡಿದ್ದು

ಮಾವನಿಗೆ ಕ್ಷಯದ ಮಾತ್ರೆ ಶುರುವಾದ ಮರುದಿನವೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅತ್ತೆ ಹೆದರಿ ಫೋನ್ ಮಾಡಿದರು. "ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ ಅತ್ತೆ, ಹೆದರಬೇಡಿ" ಎಂದೆ. "ಹಾಗಾದರೆ ಮದ್ದು ನಾಟುತ್ತದಾ?" ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಕಫದಿಂದ ಬ್ಯಾಕ್ಟೀರಿಯಾ ಬೆಳೆಸಿ ಪರೀಕ್ಷೆ ಮಾಡಲು ವಾರಗಟ್ಟಲೆ ಬೇಕು. ಇ. ಕೋಲೈ ಎಂಬ ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಎರಡಾಗುತ್ತದೆ, ಟಿಬಿ ಬ್ಯಾಕ್ಟೀರಿಯಾಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಅದರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದಿದರೆ ಉತ್ತರ ಬೇಗ ಸಿಗುತ್ತದೆ. ಈ ಮಳೆಗಾಲದಲ್ಲಿ ಅದನ್ನು ಓದುವ ಮೂರು ದಾರಿಗಳನ್ನು ನನ್ನ ಲ್ಯಾಪ್‌ಟಾಪಿನಲ್ಲಿ ನಡೆಸಿ ನೋಡಿದೆ. ಮಾವನ ಮಾದರಿ ಅಲ್ಲ. ಲ್ಯಾಬ್ ಫಲಿತಾಂಶ ಮೊದಲೇ ಗೊತ್ತಿರುವ, ಎಲ್ಲರಿಗೂ ಸಿಗುವ ಜೀನೋಮ್‌ಗಳು.

ಮೊದಲು ಮೈಕ್ರೋಬ್ (Mykrobe) ಎಂಬ ಸಾಫ್ಟ್‌ವೇರ್. ಫೈಲ್ ಎಳೆದು ಹಾಕಿದರೆ ಆಯಿತು. ಜೀನೋಮನ್ನು ಸಣ್ಣ ಸಣ್ಣ ತುಂಡು ಮಾಡಿ, ಮದ್ದಿಗೆ ಬಗ್ಗದಂತೆ ಮಾಡುತ್ತವೆ ಎಂದು ಗೊತ್ತಿರುವ ಮ್ಯುಟೇಶನ್‌ಗಳ (ಡಿಎನ್‌ಎ ಅಕ್ಷರಗಳ ಬದಲಾವಣೆ) ಪಟ್ಟಿಯ ಜೊತೆ ತಾಳೆ ನೋಡುತ್ತದೆ. ಕರೆಂಟ್ ಹೋಗುವ ಮೊದಲೇ ಉತ್ತರ ಕೈಗೆ ಬರುತ್ತದೆ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಅದು ದೊಡ್ಡ ಮಾತು.

ಎರಡನೆಯ ಸಾಫ್ಟ್‌ವೇರ್ ಟಿಬಿ-ಪ್ರೊಫೈಲರ್ ನಿಧಾನ. ಇನ್‌ಸ್ಟಾಲ್ ಮಾಡುವುದರಲ್ಲೇ ನನಗೆ ಒಂದು ದಿನ ಹೋಯಿತು. 1998ರಲ್ಲಿ ಪೂರ್ತಿ ಓದಲಾದ ಎಚ್37ಆರ್‌ವಿ ಎಂಬ ಟಿಬಿ ತಳಿಯ 44 ಲಕ್ಷ ಅಕ್ಷರಗಳ ಪಕ್ಕದಲ್ಲಿ ನಮ್ಮ ಮಾದರಿಯನ್ನು ಇಟ್ಟು ಎಲ್ಲೆಲ್ಲಿ ವ್ಯತ್ಯಾಸ ಇದೆ ಎಂದು ಹೇಳುತ್ತದೆ. ಆ ಮ್ಯುಟೇಶನ್ ಎಷ್ಟು ಪಾಲು ತುಂಡುಗಳಲ್ಲಿ ಕಂಡಿತು ಎಂದೂ ತೋರಿಸುತ್ತದೆ. ಒಂದು ಮಾದರಿಯಲ್ಲಿ ಸ್ವಲ್ಪ ಪಾಲಿನಲ್ಲಿ ಮಾತ್ರ ಇತ್ತು. ಅಂದರೆ ಒಬ್ಬರದೇ ಎದೆಯಲ್ಲಿ ಮದ್ದಿಗೆ ಬಗ್ಗುವ ಮತ್ತು ಬಗ್ಗದ ಬ್ಯಾಕ್ಟೀರಿಯಾ ಎರಡೂ ಇರಬಹುದು. ಇದನ್ನು ನೋಡಿದ ಮೇಲೆ ನನಗೆ ಕಾದದ್ದು ವ್ಯರ್ಥ ಅನಿಸಲಿಲ್ಲ.

ರಿಫಾಂಪಿಸಿನ್ ವಿಷಯದಲ್ಲಿ ಎರಡೂ ಒಂದೇ ಉತ್ತರ ಕೊಟ್ಟವು. ಆ ಮದ್ದಿಗೆ ಬಗ್ಗದಂತೆ ಮಾಡುವ ಮ್ಯುಟೇಶನ್‌ಗಳು ಬಹುಪಾಲು ಆರ್‌ಪಿಒಬಿ ಜೀನಿನ 81 ಅಕ್ಷರಗಳ ಒಳಗೇ ಇರುತ್ತವೆ. ಕಷ್ಟ ಇರುವುದು ಕ್ಷಯದ ಇನ್ನೊಂದು ಮದ್ದಾದ ಪೈರಜಿನಮೈಡ್ ಮಾತ್ರೆಯಲ್ಲಿ. ಅದಕ್ಕೆ ಸಂಬಂಧಿಸಿದ, ಬ್ಯಾಕ್ಟೀರಿಯಾದ ಪಿಎನ್‌ಸಿಎ ಜೀನ್ 561 ಅಕ್ಷರ ಉದ್ದ, ಮ್ಯುಟೇಶನ್‌ಗಳು ಅದರ ಉದ್ದಕ್ಕೂ ಚೆಲ್ಲಿಕೊಂಡಿವೆ. ಪಟ್ಟಿಯಲ್ಲಿ ಇಲ್ಲದ ಹೊಸ ಮ್ಯುಟೇಶನ್ ಬಂದರೆ ಪಟ್ಟಿ ನಂಬಿದ ಸಾಫ್ಟ್‌ವೇರ್ ಏನು ಹೇಳಬೇಕು, ಅಲ್ವಾ?

ಅದಕ್ಕೇ ಮೂರನೆಯದು, ಬ್ಯಾಕ್ಟೀರಿಯಾ ಪೈರಜಿನಮೈಡ್‌ಗೆ ಬಗ್ಗುತ್ತದೋ ಇಲ್ಲವೋ ಎಂದು ಹೇಳಲು ನಾನೇ ಕಲಿಸಿದ ಎಐ ಮಾದರಿ. ರ‍್ಯಾಂಡಮ್ ಫಾರೆಸ್ಟ್ ಎಂಬ ಸರಳ ವಿಧಾನ. ಲ್ಯಾಬ್ ಫಲಿತಾಂಶದ ಜೊತೆ ಎಷ್ಟು ತಾಳೆಯಾಯಿತು ಎಂಬ ಅಂಕ ಮೊದಲ ಸಲ ತುಂಬಾ ಚೆನ್ನಾಗಿ ಬಂತು, ಖುಷಿಯಾಯಿತು. ಯಾವ ಮ್ಯುಟೇಶನ್ ನೋಡಿ ಹೇಳುತ್ತಿದೆ ಎಂದು ಬಿಚ್ಚಿ ನೋಡಿದರೆ ಎಲ್ಲಕ್ಕಿಂತ ಮೇಲೆ ಇದ್ದದ್ದು ಆರ್‌ಪಿಒಬಿ! ಅದಕ್ಕೂ ಪೈರಜಿನಮೈಡ್‌ಗೂ ಸಂಬಂಧವೇ ಇಲ್ಲ. ಒಂದು ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಇನ್ನೊಂದಕ್ಕೂ ಬಗ್ಗದಿರುವುದು ಜಾಸ್ತಿ. ಎಐ ಆ ಜೊತೆಯನ್ನು ಕಲಿತಿತ್ತು, ಕಾರಣವನ್ನಲ್ಲ. ಇದನ್ನು ಬಿಚ್ಚಿ ನೋಡದೆ ಯಾರಾದರೂ ರೋಗಿಯ ಮೇಲೆ ಬಳಸಿದರೆ? ಆ ಯೋಚನೆಗೇ ಮೈ ಜುಂ ಎಂದಿತು.

ಎರಡನೆಯ ಸಲ ಪಿಎನ್‌ಸಿಎ ಜೀನ್ ಒಂದನ್ನೇ ಕೊಟ್ಟೆ. ಪ್ರೋಟೀನಿನಲ್ಲಿ ಎಲ್ಲಿ, ಯಾವ ಅಮಿನೊ ಆಮ್ಲ ಬದಲಾಯಿತು ಎಂದೂ ಸೇರಿಸಿದೆ. ಒಂದೇ ವಂಶದ ಬ್ಯಾಕ್ಟೀರಿಯಾ ಕಲಿಕೆಯಲ್ಲೂ ಪರೀಕ್ಷೆಯಲ್ಲೂ ಬಾರದಂತೆ ಬೇರೆ ಮಾಡಿದೆ. ಅಂಕ ಇಳಿಯಿತು. ಆದರೆ ಈ ಅಂಕವನ್ನು ನಾನು ನಂಬುತ್ತೇನೆ.

ಹಾಗಾಗಿ ಬೇಗ ತಿಳಿಯಬೇಕಾದರೆ ಮೈಕ್ರೋಬ್, ವಿವರ ಬೇಕಾದರೆ ಟಿಬಿ-ಪ್ರೊಫೈಲರ್. ಎಐ ಪಟ್ಟಿಯಲ್ಲಿ ಇಲ್ಲದ ಪಿಎನ್‌ಸಿಎ ಮ್ಯುಟೇಶನ್‌ಗೆ ಮಾತ್ರ. ಅದೂ ಲ್ಯಾಬಿನಲ್ಲಿ ಬೆಳೆಸಿ ನೋಡುವವರೆಗಿನ ಅಂದಾಜು.

ಟಿಬಿ ಬ್ಯಾಕ್ಟೀರಿಯಾದ ವಂಶಗಳನ್ನು ಸಂಖ್ಯೆಯಿಂದ ಗುರುತಿಸುತ್ತಾರೆ; ನನ್ನ ಹತ್ತಿರ ಇದ್ದ ಮಾದರಿಗಳು ಹೆಚ್ಚಾಗಿ 2 ಮತ್ತು 4ನೇ ವಂಶದವು. ದಕ್ಷಿಣ ಭಾರತದಲ್ಲಿ ಜಾಸ್ತಿ ಕಾಣುವುದು 1ನೇ ವಂಶ. ಮಾವನಂಥವರ ಎದೆಯಲ್ಲಿ ಇರುವುದೂ ಅದೇ ಇರಬಹುದು. ಈಗ ಆ ವಂಶದ ಜೀನೋಮ್‌ಗಳನ್ನು ಒಂದೊಂದಾಗಿ ಹುಡುಕಿ ಇಳಿಸಿಕೊಳ್ಳುತ್ತಿದ್ದೇನೆ.