ಇಜಿಆರ್ ದೋಷದ ಬೇರು ಹಿಡಿದುಕೊಟ್ಟ ಸ್ಕ್ಯಾನರ್: ಎರಡು ವರ್ಷ ಬಳಸಿದ ಮೇಲೆ

ನಮ್ಮದು ಕೋಲಾರದ ಎಪಿಎಂಸಿಯಿಂದ ಚೆನ್ನೈಗೆ ಟೊಮೆಟೊ ಹೊರುವ ಗಾಡಿ. 2018ರ ಬಿಎಸ್ 4 ಮಾದರಿ, ಸುಮಾರು ಮೂರು ಲೀಟರಿನ ಡೀಸೆಲ್ ಇಂಜಿನ್. 15 ಕೆ.ಜಿ.ಯ ಕ್ರೇಟುಗಳನ್ನು 200ರವರೆಗೆ ಹೇರುತ್ತೇವೆ. ಓಡಿಸುವವನು ನನ್ನ ಭಾವಮೈದ. ಲೆಕ್ಕ, ಟೈರು, ರಿಪೇರಿ ನನ್ನ ಪಾಲು. ಈ ಗಾಡಿಯ ಇಂಜಿನ್ ಲೈಟು ಒಂದೂವರೆ ವರ್ಷ ನಮ್ಮ ನಿದ್ದೆ ಕೆಡಿಸಿತು. ಪ್ರತಿ ಸಲವೂ ಗಾಡಿಯ ಕಂಪ್ಯೂಟರ್ ಕೊಡುವ ತಪ್ಪಿನ ಕೋಡ್ ಅದೇ, ಪಿ 0401: ಇಜಿಆರ್ ಹರಿವು ಸಾಲದು.

ಇಂಜಿನ್ ಹೊರಬಿಟ್ಟ ಹೊಗೆಯಲ್ಲಿ ಒಂದು ಪಾಲನ್ನು ಕೂಲರಿನಲ್ಲಿ ತಣಿಸಿ ಮತ್ತೆ ಒಳಗಾಳಿಯ ಜೊತೆ ಸೇರಿಸುವ ವ್ಯವಸ್ಥೆಯೇ ಇಜಿಆರ್. ಸಿಲಿಂಡರಿನೊಳಗೆ ಆಮ್ಲಜನಕ ತುಸು ಕಡಿಮೆಯಾದಾಗ ಉರಿಯ ಕಾವು ಇಳಿಯುತ್ತದೆ, ಸಾರಜನಕದ ಆಕ್ಸೈಡುಗಳು ಕಡಿಮೆ ಹುಟ್ಟುತ್ತವೆ. ಹೊಗೆ ಹೋಗುವ ದಾರಿಯಾದ್ದರಿಂದ ಮಸಿ ಕಟ್ಟುವುದು ಸಹಜ. ಅದಕ್ಕೇ ಈ ಕೋಡ್ ಕಂಡ ಕೂಡಲೇ ಎಲ್ಲರೂ ಆ ದಾರಿಯನ್ನು ತೆರೆದು ಮುಚ್ಚುವ ವಾಲ್ವ್ ಬಿಚ್ಚಿ ತೊಳೆಯುತ್ತಾರೆ. ನಮ್ಮ ಗಾಡಿಯದನ್ನು ಸರ್ವಿಸ್ ಸೆಂಟರಿನವರು ಮೂರು ಸಲ ತೊಳೆದರು, ನಾಲ್ಕನೆಯ ಸಲ 14,200 ರೂಪಾಯಿಯ ಹೊಸ ವಾಲ್ವನ್ನೇ ಹಾಕಿದರು. ಹತ್ತು ದಿನಕ್ಕೆ ಮತ್ತೆ ಲೈಟು. ಸತತ ಎರಡು ಓಟಗಳಲ್ಲಿ ಅದೇ ತಪ್ಪು ಕಂಡರೆ ಮಾತ್ರ ಲೈಟು ಹತ್ತುವುದರಿಂದ, ಷೆಡ್ಡಿನಿಂದ ಹೊರಬಂದ ದಿನ ಎಲ್ಲವೂ ಸರಿಯಾದಂತೆಯೇ ಕಾಣುತ್ತಿತ್ತು.

ಬೇರೊಂದು ಗ್ಯಾರೇಜಿನಲ್ಲಿ, "ಅಣ್ಣ, ಒಂದು ತಗಡು ಹಾಕಿ ದಾರಿಯನ್ನೇ ಮುಚ್ಚಿಬಿಡೋಣ, ಎಮಿಷನ್ ಟೆಸ್ಟಿನಲ್ಲೂ ಗೊತ್ತಾಗುವುದಿಲ್ಲ" ಎಂದರು. ಅವರು ಹೇಳಿದ್ದು ನಿಜ. ಡೀಸೆಲ್ ಗಾಡಿಗೆ ಆ ಟೆಸ್ಟಿನಲ್ಲಿ ಹೊಗೆಯ ಕಪ್ಪನ್ನಷ್ಟೇ ಅಳೆಯುತ್ತಾರೆ, ಸಾರಜನಕದ ಆಕ್ಸೈಡನ್ನು ಅಳೆಯುವುದಿಲ್ಲ. ನಾನು ಒಪ್ಪದಿರಲು ಅದೂ ಒಂದು ಕಾರಣ. ಮಂಡಿಯಲ್ಲಿ ನಮ್ಮ ಗಾಡಿಯ ಹಿಂದೆಯೇ ನಿಂತು ಹಮಾಲಿಗಳು ಕ್ರೇಟು ಎತ್ತುತ್ತಾರೆ. ಕಣ್ಣಿಗೆ ಕಾಣದ ವಿಷವನ್ನು ಅವರ ಮುಖಕ್ಕೆ ಬಿಡಲು ನನ್ನ ಮನಸ್ಸು ಒಪ್ಪಲಿಲ್ಲ. ತಯಾರಕರು ಕೊಟ್ಟದ್ದನ್ನು ಹೀಗೆ ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ನಿನ ಅಡ್ಡಿಯೂ ಇದೆ. ಸಾಲದ್ದಕ್ಕೆ, ದಾರಿ ಮುಚ್ಚಿದರೆ ಹರಿವು ಇಲ್ಲವೆಂದು ಕಂಪ್ಯೂಟರ್ ಅದೇ ಕೋಡನ್ನು ಮತ್ತೆ ಕೊಡುತ್ತದೆ.

ಆಗ ನಾನೇ ಗಾಡಿಗೆ ಸಿಕ್ಕಿಸಿ ಅದರ ಕಂಪ್ಯೂಟರ್ ಓದುವ ಒಂದು ಸ್ಕ್ಯಾನರ್ ಕೊಂಡೆ, 18,500 ರೂಪಾಯಿ ಕೊಟ್ಟು. ಹೆಸರು ಬರೆಯುತ್ತಿಲ್ಲ, ಏಕೆಂದರೆ ಅದೇ ಪೆಟ್ಟಿಗೆ ನಾಲ್ಕಾರು ಹೆಸರುಗಳಲ್ಲಿ ಮಾರಾಟವಾಗುತ್ತದೆ. ಕೊಳ್ಳುವಾಗ ಮೂರು ಗುಣಗಳನ್ನು ವಿಚಾರಿಸಿ: ಇಂಜಿನ್ ಓಡುತ್ತಿರುವಾಗ ಅಂಕಿಗಳನ್ನು ನೋಡಿ ಉಳಿಸಿಕೊಳ್ಳಲು ಬರಬೇಕು, ವಾಲ್ವಿಗೆ ನಾವೇ ಆಜ್ಞೆ ಕೊಟ್ಟು ತೆರೆಯಲು ಬರಬೇಕು, ತಪ್ಪು ದಾಖಲಾದ ಕ್ಷಣದ ಅಂಕಿಗಳನ್ನು (ಫ್ರೀಜ್ ಫ್ರೇಮ್) ತೋರಿಸಬೇಕು. ಎರಡು ಸಾವಿರದ ಸಾಧನವೂ ಕೋಡ್ ಓದುತ್ತದೆ. ಕೋಡ್ ನಮಗೆ ಮೊದಲೇ ಗೊತ್ತಿತ್ತು!

ಮೊದಲ ದಿನವೇ ಅದು ತನ್ನ ಬೆಲೆ ತೋರಿಸಿತು. ಬಿಸಿಯಾದ ಇಂಜಿನನ್ನು ನಿಂತಲ್ಲೇ ಓಡಿಸುತ್ತಾ ಇಜಿಆರ್ ವಾಲ್ವ್ ಮುಚ್ಚಲು ಆಜ್ಞೆ ಕೊಟ್ಟೆ: ಗಾಳಿ ಅಳೆಯುವ ಸೆನ್ಸರಿನಲ್ಲಿ ಸೆಕೆಂಡಿಗೆ 18 ಗ್ರಾಂ. ಪೂರ್ತಿ ತೆರೆಯಲು ಹೇಳಿದೆ. ಹೊಗೆ ಒಳಬಂದರೆ ಅಷ್ಟೇ ಮಟ್ಟಿಗೆ ಹೊಸ ಗಾಳಿ ಕಡಿಮೆಯಾಗಬೇಕು. ವಾಲ್ವ್ ತೆರೆದದ್ದನ್ನು ಅದರ ಸೆನ್ಸರ್ ತೋರಿಸುತ್ತಿತ್ತು, ಗಾಳಿ ಮಾತ್ರ 16ಕ್ಕಿಂತ ಕೆಳಗೆ ಇಳಿಯಲಿಲ್ಲ. ಬಾಗಿಲು ತೆರೆದಿದೆ, ಓಣಿ ಕಟ್ಟಿಕೊಂಡಿದೆ. ನಮ್ಮ ಹಳೆಯ ಮೇಸ್ತ್ರಿಯ ಬಳಿ ಕೂಲರ್ ಬಿಚ್ಚಿಸಿದಾಗ ಅದರ ಕಿರಿದಾದ ನಾಳಗಳಲ್ಲಿ ಮಸಿ ಎಣ್ಣೆಯೊಡನೆ ಕಲೆತು ಗಟ್ಟಿಯಾಗಿ ಕೂತಿತ್ತು; ತಂತಿ ತೂರಿಸಿದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಹೊಸ ವಾಲ್ವಿಗೆ ಸುರಿದ ಹಣ ನೆನೆದು ಹೊಟ್ಟೆ ಉರಿಯಿತು. ಕೂಲರ್ ಶುದ್ಧ ಮಾಡಿ ಕೂರಿಸಿದ ಮೇಲೆ 18ರಿಂದ 11ಕ್ಕೆ ಇಳಿಯಿತು.

ಎರಡು ತಿಂಗಳು, ಸುಮಾರು 9,000 ಕಿ.ಮೀ. ನೆಮ್ಮದಿ. ಆಮೇಲೆ ಮತ್ತೆ ಪಿ 0401.

ನಿಂತಲ್ಲಿ ಪರೀಕ್ಷಿಸಿದರೆ ಈಗಲೂ 18 ಮತ್ತು 11. ದಾರಿ ಚೊಕ್ಕಟವಾಗಿದೆ. ಈ ಸಲ ಕೋಡ್ ಅಳಿಸಲು ನಾನು ಯಾರಿಗೂ ಬಿಡಲಿಲ್ಲ, ಈ ವಿಮರ್ಶೆಯಲ್ಲಿ ಇದೊಂದು ಮಾತನ್ನು ಎಲ್ಲ ಗಾಡಿ ಮಾಲೀಕರೂ ಗಮನಿಸಬೇಕು. ತಪ್ಪು ದಾಖಲಾದ ಕ್ಷಣದಲ್ಲಿ ವೇಗ ಎಷ್ಟಿತ್ತು, ಇಂಜಿನ್ ಎಷ್ಟು ಸುತ್ತುತ್ತಿತ್ತು, ಅದರ ಮೇಲೆ ಹೊರೆ ಎಷ್ಟಿತ್ತು ಎಂಬುದನ್ನು ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಅದೇ ಫ್ರೀಜ್ ಫ್ರೇಮ್. ಕೋಡ್ ಅಳಿಸಿದರೆ ಅದೂ ಅಳಿದುಹೋಗುತ್ತದೆ. ಸರ್ವಿಸ್ ಸೆಂಟರಿನಲ್ಲಿ ಗಾಡಿ ಒಳಹೊಕ್ಕ ಕೂಡಲೇ ಕೋಡ್ ಅಳಿಸುತ್ತಿದ್ದರು. ಒಂದೂವರೆ ವರ್ಷದ ಸಾಕ್ಷಿಯನ್ನೆಲ್ಲ ಹೀಗೆ ಒರೆಸಿ ಹಾಕಿದ್ದರು.

ನಮ್ಮ ಫ್ರೇಮಿನಲ್ಲಿ ಇದ್ದದ್ದು: ಗಂಟೆಗೆ 34 ಕಿ.ಮೀ., ನಿಮಿಷಕ್ಕೆ 1,900 ಸುತ್ತು, ಇಂಜಿನ್ ಮೇಲಿನ ಹೊರೆ ಶೇ. 55. ಭಾವಮೈದನಿಗೆ ತೋರಿಸಿದೆ. ಒಂದು ಗಳಿಗೆ ನೋಡಿ, "ಭಾವ, ಇದು ಮೊಗಿಲಿ ಘಾಟಿನ ಏರು. ಖಾಲಿ ಕ್ರೇಟು ಹಾಕಿಕೊಂಡು ವಾಪಸು ಬರುವಾಗಿನದು" ಎಂದ. ಚಿತ್ತೂರಿನಿಂದ ಪಲಮನೇರಿಗೆ ಹತ್ತುವಾಗ ಗಾಡಿಗೆ ಎಳೆತ ಕಡಿಮೆ, ಕನ್ನಡಿಯಲ್ಲಿ ಕಪ್ಪು ಹೊಗೆ ಕಾಣುತ್ತದೆ ಎಂದು ಅವನು ಹಿಂದೆಯೇ ಹೇಳಿದ್ದ. ಡೀಸೆಲ್ ಕಲಬೆರಕೆ ಇರಬೇಕೆಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಮುಂದಿನ ಟ್ರಿಪ್ಪಿಗೆ ನಾನೂ ಹೊರಟೆ. ಮೊದಲು ಸೆನ್ಸರುಗಳನ್ನೇ ಪರೀಕ್ಷಿಸಿದೆ. ಇಂಜಿನ್ ಹಚ್ಚದೆ ಕೀಲಿ ಮಾತ್ರ ತಿರುಗಿಸಿದರೆ, ಒಳಗಾಳಿಯ ಒತ್ತಡದ ಸೆನ್ಸರ್ ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಕೋಲಾರದಲ್ಲಿ 92 ಕಿಲೋಪಾಸ್ಕಲ್ ಇತ್ತು, ಮಾರನೆಯ ಬೆಳಿಗ್ಗೆ ಕೋಯಂಬೇಡು ಮಾರುಕಟ್ಟೆಯಲ್ಲಿ 101. ನಮ್ಮ ಎತ್ತರದ ಊರಿಗೂ ಕಡಲ ದಡಕ್ಕೂ ಇರಬೇಕಾದ ಅಂತರವೇ ಅದು. ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ವಾಪಸು ಬರುವಾಗ ಘಾಟಿನಲ್ಲಿ ಮೂರನೇ ಗೇರಿನಲ್ಲಿ ಒತ್ತಡ 122 ದಾಟಲಿಲ್ಲ. ಗೆಳೆಯನೊಬ್ಬನ ಅದೇ ಮಾದರಿಯ ಗಾಡಿಗೆ ಸ್ಕ್ಯಾನರ್ ಹಾಕಿ ಅದೇ ಏರಿನಲ್ಲಿ, ಅದೇ ಸುತ್ತಿನಲ್ಲಿ ನೋಡಿದರೆ 145. ನಮ್ಮ ಗಾಡಿಯ ಟರ್ಬೊ ನೂಕಿದ ಗಾಳಿ ದಾರಿಯಲ್ಲೆಲ್ಲೋ ಸೋರುತ್ತಿತ್ತು.

ಮೇಸ್ತ್ರಿಯ ಬಳಿ ಹೊಗೆಯಿಂದ ಸೋರಿಕೆ ಪತ್ತೆ ಮಾಡುವ ಯಂತ್ರ ಇಲ್ಲ. ಅವರು ಟರ್ಬೊದ ಬಾಯಿಗೆ ಮುಚ್ಚಳ ಬಿಗಿದು, ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಸ್ವಲ್ಪವೇ ಸ್ವಲ್ಪ ಗಾಳಿ ಕೊಟ್ಟು, ಹೋಸುಗಳ ಉದ್ದಕ್ಕೂ ಸೋಪಿನ ನೀರು ಬಳಿದರು. ಮೇಲಿನ ಹೋಸಿನಲ್ಲಿ ಏನೂ ಇಲ್ಲ. ಗಾಡಿಯಡಿ ಮಲಗಿ, ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರಿನ ಕೆಳಹೋಸನ್ನು ಬೆರಳಿನಿಂದ ಸವರುತ್ತಾ ಹೋದರು. ಕ್ಲಿಪ್ಪಿನ ಹಿಂದೆ, ಬ್ರಾಕೆಟ್ಟಿಗೆ ಉಜ್ಜಿಕೊಳ್ಳುವ ಕಡೆ, ರಾಗಿಕಾಳಿನಷ್ಟು ಒಂದು ಗುಳ್ಳೆ ಎದ್ದಿತು. ಅದರ ಪಕ್ಕ ಇನ್ನೊಂದು. ಹೋಸನ್ನು ಮಡಚಿ ಹಿಡಿದಾಗ ಗುಳ್ಳೆಗಳೆಲ್ಲ ಸೇರಿ ನೊರೆಯಾಗಿ ಸುರಿಯಿತು. ಉಗುರಿನಷ್ಟು ಉದ್ದದ ಸೀಳು. ಒತ್ತಡ ಇಲ್ಲದಾಗ ತುಟಿ ಮುಚ್ಚಿದಂತೆ ಮುಚ್ಚಿಕೊಳ್ಳುತ್ತಿತ್ತು, ಅದಕ್ಕೇ ನಿಂತ ಗಾಡಿಯಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

ಗಾಳಿ ಸೋರಿದರೆ ಇಜಿಆರ್ ಕೋಡ್ ಏಕೆ ಬರಬೇಕು? ನಮ್ಮ ಗಾಡಿಯ ಕಂಪ್ಯೂಟರ್ ಒಳಬರುವ ಹೊಗೆಯನ್ನು ನೇರವಾಗಿ ಅಳೆಯುವುದಿಲ್ಲ, ಹೊಸ ಗಾಳಿ ಎಷ್ಟು ಇಳಿಯಿತು ಎಂಬುದರಿಂದ ಲೆಕ್ಕ ಹಾಕುತ್ತದೆ. ಗಾಳಿಯ ಸೆನ್ಸರ್ ಇರುವುದು ಟರ್ಬೊಗೂ ಮೊದಲು. ಅಳೆದಾದ ಮೇಲೆ ಸೋರಿಹೋದ ಗಾಳಿಯೂ ಲೆಕ್ಕದಲ್ಲಿ ಉಳಿಯುತ್ತದೆ. ಹೊಸ ಗಾಳಿ ಹೆಚ್ಚಿದೆ, ಹಾಗಾದರೆ ಹೊಗೆ ಸಾಲದು ಎಂದುಕೊಂಡು ಅದು ವಾಲ್ವನ್ನು ಇನ್ನಷ್ಟು ತೆರೆಯುತ್ತದೆ. ಸಿಲಿಂಡರಿಗೆ ಗಾಳಿ ಕಡಿಮೆ, ಹೊಗೆ ಜಾಸ್ತಿ, ಮಸಿ ವಿಪರೀತ. ಕೂಲರ್ ಕಟ್ಟಿಸಿದ್ದೂ ಈ ಸೀಳೇ ಎಂದು ಮೇಸ್ತ್ರಿ ಹೇಳಿದರು, ನನಗೂ ಅನುಮಾನ ಉಳಿದಿಲ್ಲ. ಹೊಸ ಹೋಸಿಗೂ ಎರಡು ಕ್ಲಿಪ್ಪಿಗೂ ಸೇರಿ 1,850 ರೂಪಾಯಿ. ಬ್ರಾಕೆಟ್ಟಿಗೆ ತಾಗದಂತೆ ಹಳೆಯ ಟ್ಯೂಬಿನ ರಬ್ಬರ್ ಸುತ್ತಿದ್ದೇವೆ.

ಸ್ಕ್ಯಾನರಿನ ಕೊರತೆಗಳನ್ನೂ ಹೇಳಬೇಕು. ಪರದೆ ಬಿಸಿಲಿನಲ್ಲಿ ಕಾಣುವುದಿಲ್ಲ. ಕನ್ನಡ ಇಲ್ಲ, ಭಾವಮೈದನಿಗೆ ಅಂಕಿಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ. ಎರಡನೇ ವರ್ಷದಿಂದ ಅಪ್‌ಡೇಟಿಗೆ ಹಣ ಕೇಳುತ್ತಾರೆ, ಕಟ್ಟದಿದ್ದರೂ ಹಳೆಯದು ನಡೆಯುತ್ತದೆ. 24 ವೋಲ್ಟಿನ, ದುಂಡನೆಯ 9 ಪಿನ್ ಸಾಕೆಟ್ಟಿನ ದೊಡ್ಡ ಲಾರಿಗಳಿಗೆ ಇದು ಆಗುವುದಿಲ್ಲ. ಗಾಡಿಗೆ ಸಿಕ್ಕಿಸಿ ಮರೆತು ಎರಡು ದಿನ ಬಿಟ್ಟಾಗ ಬ್ಯಾಟರಿ ಇಳಿದಿತ್ತು.

ಹೋಸ್ ಬದಲಿಸಿದ ಮೇಲೆ ಗಾಡಿ 61,000 ಕಿ.ಮೀ. ಓಡಿದೆ. ಪ್ರತಿ ಆಯಿಲ್ ಬದಲಾವಣೆಯ ದಿನ ನಿಂತಲ್ಲೇ ಅದೇ ಪರೀಕ್ಷೆ ಮಾಡಿ ಡೈರಿಯಲ್ಲಿ ಬರೆದಿಡುತ್ತೇನೆ. ಹೋದ ವಾರದ್ದು: ಮುಚ್ಚಿದಾಗ 18, ತೆರೆದಾಗ 12.