ಆತ್ಮದ ಧ್ವನಿ ಹಿಡಿದುಕೊಡುತ್ತೇವೆ ಎನ್ನುವವರಿಗೆ ಹಣ ಕೊಡುವ ಮೊದಲು ಓದಿ

ಮೊದಲೇ ಹೇಳಿಬಿಡುತ್ತೇನೆ. ಕತ್ತರಿಸದ, ತಿದ್ದದ ಮೂಲ ಧ್ವನಿಮುದ್ರಣವನ್ನು ನಿಮ್ಮ ಕೈಗೆ ಕೊಡಲು ಒಪ್ಪದ ಯಾವ ತಂಡಕ್ಕೂ ಬಿಡಿಗಾಸು ಕೊಡಬೇಡಿ. ದೆವ್ವ ಇದೆಯೋ ಇಲ್ಲವೋ ಎಂಬ ವಾದಕ್ಕೆ ನಾನು ಬಂದಿಲ್ಲ. ನನ್ನ ಜಗಳ ರೆಕಾರ್ಡರ್ ಹಿಡಿದು ಬಂದ ಮನುಷ್ಯರ ಮೇಲೆ.

ಅಪ್ಪ ತೀರಿಕೊಂಡ ಮೇಲೆ ಅವರ ಕೋಣೆಯಲ್ಲಿ ರಾತ್ರಿ ಸದ್ದಾಗುತ್ತದೆ ಎಂದು ಅಮ್ಮ ಹೆದರಿದ್ದರು. ಅದಕ್ಕೇ ಇಂಥದೊಂದು ತಂಡವನ್ನು ಕರೆಸಿದ್ದು. ಹಣ ಪೂರ್ತಿ ಮುಂಗಡ. ಬಂದವರ ಮಾತಿನ ಓಘ ನೋಡಬೇಕಿತ್ತು! 1959ರಲ್ಲಿ ಸ್ವೀಡನ್ನಿನ ಫ್ರೆಡ್ರಿಕ್ ಯುರ್ಗೆನ್ಸನ್ ಹಕ್ಕಿಗಳ ಕೂಗನ್ನು ಟೇಪಿಗೆ ಹಿಡಿಯಲು ಹೋಗಿ ಮನುಷ್ಯರ ಧ್ವನಿ ಕೇಳಿದೆ ಎಂದದ್ದು, ಅವರ ನಂತರ ಲಾಟ್ವಿಯಾದ ಕಾನ್‌ಸ್ಟಾಂಟಿನ್ ರಾಡಿವ್ ಸತ್ತವರದ್ದೆಂದು ಅಂಥ ಸಾವಿರಾರು ಧ್ವನಿ ಕೂಡಿಹಾಕಿದ್ದು, ಎಲ್ಲವೂ ಬಾಯಿಪಾಠ. ರಾಡಿವ್ ಹಿಡಿದ ಧ್ವನಿಗಳು ಒಂದೇ ವಾಕ್ಯದಲ್ಲಿ ಹಲವು ಭಾಷೆ ಬೆರೆಸುತ್ತಿದ್ದವಂತೆ; ಅದನ್ನು ಮಾತ್ರ ಇವರು ಹೇಳಲಿಲ್ಲ. ಅಷ್ಟು ಸಡಿಲ ಬಿಟ್ಟರೆ ಯಾವ ಗೊರಗೊರ ತಾನೆ ಮಾತಾಗುವುದಿಲ್ಲ?

ನಮಗೊಂದು ನಿಯಮವನ್ನೂ ಹೇಳಿದರು. ಯಾರಾದರೂ ಕೆಮ್ಮಿದರೆ, ಕುರ್ಚಿ ಸರಿಸಿದರೆ, ಹೊಟ್ಟೆ ಗುರುಗುಟ್ಟಿದರೂ ಸರಿ, ಆ ಕ್ಷಣವೇ ಗಟ್ಟಿಯಾಗಿ ಹೇಳಬೇಕು; ಪಿಸುಗುಟ್ಟಲೇಬಾರದು. ನಿಯಮ ಸರಿಯಾದದ್ದೇ, ನಮ್ಮ ಸದ್ದು ಆಮೇಲೆ ಆತ್ಮದ್ದು ಎನಿಸಬಾರದಲ್ಲ. ನಾವು ಉಸಿರು ಬಿಗಿಹಿಡಿದು ಕುಳಿತೆವು. ಪಾಲಿಸದವರು ಅವರೇ.

ಕೆಲವು ದಿನ ಬಿಟ್ಟು ತುಣುಕು ಬಂತು. ಕೆಲವೇ ಸೆಕೆಂಡು. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ‘ನಾನಿನ್ನೂ ಇದ್ದೇನೆ’. ಕೆಳಗೆ ‘ಎ ದರ್ಜೆಯ ಧ್ವನಿ’ ಎಂದು. ಹೇಳಿಕೊಡದೆಯೇ ಎಲ್ಲರಿಗೂ ಸ್ಪಷ್ಟವಾಗಿ ಕೇಳುವುದನ್ನು ಈ ವಲಯದಲ್ಲಿ ಎ ದರ್ಜೆ ಎನ್ನುತ್ತಾರೆ. ಹಾಗಿದ್ದ ಮೇಲೆ ಅಕ್ಷರ ಏಕೆ ಬರೆದರು ಎಂದು ಆಗ ಹೊಳೆಯಲಿಲ್ಲ. ಅಮ್ಮ ಅದನ್ನು ಹಾಕಿ ಹಾಕಿ ಕೇಳಿ ಅತ್ತರು.

ಆ ರಾತ್ರಿ ನನ್ನ ಮೊಬೈಲ್ ಕೂಡ ಕಪಾಟಿನ ಮೇಲೆ ಧ್ವನಿ ಮುದ್ರಿಸುತ್ತಿತ್ತು. ಅವರಿಗೆ ಗೊತ್ತಿರಲಿಲ್ಲ. ಅವರು ಕೊಟ್ಟ ಸಮಯ ಹಿಡಿದು ಅದೇ ಕ್ಷಣಕ್ಕೆ ಹೋಗಿ ಹೆಡ್‌ಫೋನ್ ಹಾಕಿ ಕೇಳಿದೆ. ತಂಡದ ಒಬ್ಬ ಇನ್ನೊಬ್ಬನಿಗೆ ಪಿಸುಗುಟ್ಟುತ್ತಿದ್ದಾನೆ: ‘ಚಾರ್ಜ್ ಇನ್ನೂ ಇದೆಯೇ?’

ಚಾರ್ಜ್ ಇನ್ನೂ ಇದೆಯೇ. ನಾನಿನ್ನೂ ಇದ್ದೇನೆ. ಮತ್ತೆ ಕೇಳಿದೆ, ಮತ್ತೆ ಕೇಳಿದೆ. ಅದೇ ಏರಿಳಿತ, ಅದೇ ಉಸಿರು. ಮೈಯೆಲ್ಲ ಉರಿದುಹೋಯಿತು. ಬ್ಯಾಟರಿಯ ಚಿಂತೆಯನ್ನು ನಮ್ಮ ಅಪ್ಪನ ಬಾಯಿಗೆ ತುರುಕಿದ್ದರು!

ಇದು ಆಗುವ ಬಗೆ ಕೇಳಿ. ರೆಕಾರ್ಡರನ್ನು ಸ್ವಯಂಚಾಲಿತ ಮಟ್ಟಕ್ಕೆ ಬಿಟ್ಟರೆ ಕೋಣೆ ನಿಶ್ಶಬ್ದವಾದಷ್ಟೂ ಅದು ಧ್ವನಿಗ್ರಹಣ ಏರಿಸುತ್ತದೆ. ದೂರದ ಪಿಸುಮಾತು, ಬಟ್ಟೆಯ ಸರಸರ, ಯಂತ್ರದ ಸ್ವಂತ ಗುಂಯ್‌ಗುಡುವಿಕೆ ಎಲ್ಲವೂ ಉಬ್ಬುತ್ತವೆ. ಅದರ ಮೇಲೆ ಸದ್ದು ತಗ್ಗಿಸುವ ತಂತ್ರಾಂಶವನ್ನು ಮಿತಿಮೀರಿ ಓಡಿಸಿದರೆ ಉಳಿಯುವ ಚೂರುಗಳು ಮಾತಿನಂತೆಯೇ ಉಲಿಯುತ್ತವೆ. ಕೊನೆಗೆ ಅಕ್ಷರ ಅಂಟಿಸಿದರಾಯಿತು, ಕಣ್ಣು ಓದಿದ್ದನ್ನೇ ಕಿವಿ ಕೇಳುತ್ತದೆ. ಪರದೆ ತೋರಿಸದೆ ಗೆಳೆಯನಿಗೆ ಕೇಳಿಸಿದಾಗ ಅವನು, ‘ಯಾರೋ ಚಾಪೆ ಎಳೆದ ಹಾಗಿದೆ’ ಎಂದ.

ಇನ್ನು ಅವರ ಉತ್ತರಗಳು. ಮೊಬೈಲಿನ ವಿಷಯ ಹೇಳಿದೆ. ‘ಸರ್, ಆತ್ಮಗಳು ಎಲ್ಲ ಯಂತ್ರಗಳ ಜೊತೆ ಮಾತನಾಡುವುದಿಲ್ಲ.’ ಮೂಲ ಕಡತ ಕೊಡಿ ಎಂದೆ. ಬೆಳಿಗ್ಗೆ ‘ಅದು ನಮ್ಮ ವೃತ್ತಿಯ ಗುಟ್ಟು’ ಎಂದವರು ಸಂಜೆ ‘ಅಳಿಸಿಹೋಗಿದೆ ಸರ್’ ಎಂದರು. ಹಣ ವಾಪಸ್ ಕೇಳಿದ್ದಕ್ಕೆ ಬಂದದ್ದು ಇದು: ‘ನಿಮ್ಮ ಅನುಮಾನಕ್ಕೇ ನಿಮ್ಮ ತಂದೆಯವರು ಸುಮ್ಮನಾಗಿದ್ದಾರೆ.’ ಇದನ್ನು ಇನ್ನೂ ಅಮ್ಮನಿಗೆ ತೋರಿಸಿಲ್ಲ. ಅದರ ಬೆನ್ನಿಗೇ, ಸ್ಪಿರಿಟ್ ಬಾಕ್ಸ್ ತರುತ್ತೇವೆ, ಶುಲ್ಕ ಬೇರೆ! ಫ್ರಾಂಕ್ ಸಂಪ್ಷನ್ ಎಂಬವರು 2002ರಲ್ಲಿ ಮಾಡಿದ ಪೆಟ್ಟಿಗೆಯ ತಳಿ ಅದು. ರೇಡಿಯೊ ಕೇಂದ್ರಗಳ ಮೇಲೆ ನಿಲ್ಲದೆ ಓಡುತ್ತದೆ, ಹಾಡಿನ ಚೂರು, ಜಾಹೀರಾತಿನ ಚೂರು, ವಾರ್ತೆಯ ಚೂರು ಉದುರಿಸುತ್ತದೆ. ಮಾತು ಬಾರದೆ ಹೇಗಿರುತ್ತದೆ?

ಕರೆಸಲೇಬೇಕು ಎನ್ನುವವರು ನಿಮ್ಮದೊಂದು ರೆಕಾರ್ಡರನ್ನು ಅದೇ ಕೋಣೆಯಲ್ಲಿ ಇಡಿ, ಹೇಳದೆ ಇಡಿ. ಅವರು ಹೊರಡುವ ಮುನ್ನ ಇಡೀ ರಾತ್ರಿಯ ವೇವ್ (WAV, ಕುಗ್ಗಿಸದ ಧ್ವನಿ) ಕಡತವನ್ನು ನಿಮ್ಮ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಅಕ್ಷರ ಬರೆದ ತುಣುಕನ್ನು ನೋಡಲೇಬೇಡಿ. ಮುಂಗಡವಂತೂ ಬೇಡವೇ ಬೇಡ.

ನಮ್ಮ ತುಣುಕು ಈಗ ಅವರ ಜಾಹೀರಾತಿನಲ್ಲಿ ಓಡುತ್ತಿದೆ, ‘ಮಗನಿಗೆ ಸಿಕ್ಕ ತಂದೆಯ ಧ್ವನಿ’ ಎಂಬ ತಲೆಬರಹದೊಂದಿಗೆ. ತೆಗೆಯಿರಿ ಎಂದು ಬರೆದಿದ್ದೇನೆ. ಓದಿದ ಗುರುತು ಬಿದ್ದಿದೆ, ಉತ್ತರ ಬಂದಿಲ್ಲ.