ಸೋಯಾ ಇಲ್ಲ, ಶೇಂಗಾ ಇಲ್ಲ, ಸಾವಯವ: ಮೊಟ್ಟೆ ಕೋಳಿ ಫೀಡ್ ಬಗ್ಗೆ ವರ್ಷ ದಾಟಿದ ಮೇಲೆ ಒಂದು ವಿಮರ್ಶೆ

ಐದಕ್ಕೆ ಮೂರು ಸ್ಟಾರ್. ಫೀಡ್ ಕೆಟ್ಟದ್ದಲ್ಲ, ಕೋಳಿಗಳು ಚೆನ್ನಾಗಿಯೇ ಇವೆ. ಆದರೆ ಚೀಲದ ಮೇಲೆ ದೊಡ್ಡದಾಗಿ ಬರೆದಿರುವ ಎರಡು ಮಾತು, 'ಸಾವಯವ' ಮತ್ತು 'ಅಲರ್ಜಿ ಮುಕ್ತ', ಒಂದೇ ಮಾತಲ್ಲ. ಒಂದು ಇದ್ದರೆ ಇನ್ನೊಂದೂ ಇರುತ್ತದೆ ಅಂತಲೂ ಅಲ್ಲ. ಕಂಪನಿಯ ಹೆಸರು ಹಾಕುತ್ತಿಲ್ಲ. ನಾನು ಹೇಳುವ ತೊಂದರೆಗಳು ಈ ತರಹದ ಯಾವ ಸಣ್ಣ ಬ್ರ್ಯಾಂಡ್ ತೆಗೆದುಕೊಂಡರೂ ಬರಬಹುದಾದವು.

ನಮ್ಮದು ಶಿವಮೊಗ್ಗದ ಹೊರಗಡೆ ಮನೆ. ಹಿತ್ತಲಲ್ಲಿ ಎಂಟು ಹೇಂಟೆ, ಒಂದು ಹುಂಜ. ಹೇಂಟೆಗಳು ಸ್ವರ್ಣಧಾರಾ, ಅಂದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲಿಗೆ ಅಂತಲೇ ಬೆಳೆಸಿದ ತಳಿ. ವರ್ಷಕ್ಕೆ 180ರ ಆಚೀಚೆ ಮೊಟ್ಟೆ ಇಡುತ್ತವೆ. ಮೊದಲು ಪೇಟೆಯ ಫೀಡ್ ಅಂಗಡಿಯಿಂದ 50 ಕೆಜಿಯ ಲೇಯರ್ ಮ್ಯಾಶ್, ಅಂದರೆ ಮೊಟ್ಟೆ ಕೋಳಿಗಳ ಪುಡಿ ಮೇವು, ತರುತ್ತಿದ್ದೆವು. ಅದರಲ್ಲಿ ಮೆಕ್ಕೆಜೋಳ, ಸೋಯಾ ಹಿಂಡಿ, ತೌಡು, ಶೇಂಗಾ ಹಿಂಡಿ ಎಲ್ಲ ಇರುತ್ತದೆ. ಯಾವುದು ಎಷ್ಟು ಅನ್ನುವುದು ಆ ತಿಂಗಳು ಯಾವುದು ಅಗ್ಗ ಅನ್ನುವುದರ ಮೇಲೆ.

ತೊಂದರೆ ಶುರುವಾದದ್ದು ಮಗಳಿಂದ. ಅವಳಿಗೆ ಶೇಂಗಾ ಆಗುವುದಿಲ್ಲ. ಬೆಳಗ್ಗೆ ಕೋಳಿಗೆ ಮೇವು ಹಾಕುವ ಕೆಲಸ ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಮ್ಯಾಶ್ ಮುಟ್ಟಿದ ದಿನ ಕೈ ಮೇಲೆ ದದ್ದು, ಕಣ್ಣು ಕೆಂಪು. ಅವಳು ತಿನ್ನುವ ಮೊಟ್ಟೆಯಲ್ಲೇ ಏನೋ ಇದೆ ಅಂತ ಮನೆಯಲ್ಲಿ ಎಲ್ಲರ ತೀರ್ಮಾನ. ಡಾಕ್ಟರ್ ಹೇಳಿದ್ದೇ ಬೇರೆ. ಮೊಟ್ಟೆ ತಿಂದಾಗ ಏನೂ ಆಗುತ್ತಿಲ್ಲ, ಮೇವು ಮುಟ್ಟಿದಾಗ ಮಾತ್ರ ಆಗುತ್ತಿದೆ, ಹಾಗಾದರೆ ಹಿಂಡಿಯ ಧೂಳನ್ನು ನೋಡಿ ಅಂದರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಫೀಡ್ ಮಾರುವವರ ಜಾಹೀರಾತು ಓದಿದರೆ, ಕೋಳಿ ತಿಂದ ಸೋಯಾ ಹಾಗೇ ಮೊಟ್ಟೆಗೆ ಇಳಿದು ನಮ್ಮ ತಟ್ಟೆಗೆ ಬರುತ್ತದೆ ಅನ್ನಿಸುತ್ತದೆ. ಕೋಳಿಗೂ ಹೊಟ್ಟೆ ಇದೆ, ಅಲ್ವಾ? ತಿಂದ ಪ್ರೋಟೀನನ್ನು ಅದು ಜೀರ್ಣಿಸಿ, ಒಡೆದು, ತನ್ನ ಪ್ರೋಟೀನ್ ತಾನೇ ಕಟ್ಟಿಕೊಳ್ಳುತ್ತದೆ. ಸೋಯಾದಲ್ಲಿರುವ ಐಸೋಫ್ಲೇವೋನ್ ಅನ್ನುವ ಅಂಶ ಸ್ವಲ್ಪ ಮಟ್ಟಿಗೆ ಹಳದಿ ಭಾಗಕ್ಕೆ ಸೇರುವುದು ನಿಜ. ಆದರೆ ಅದು ಪ್ರೋಟೀನ್ ಅಲ್ಲ, ಅಲರ್ಜಿ ತರುವ ವಸ್ತು ಅದಲ್ಲ. ಇನ್ನು ಮೊಟ್ಟೆಯೇ ಆಗದ ಮಕ್ಕಳಿದ್ದರೆ ಫೀಡ್ ಬದಲಾಯಿಸಿ ಏನೂ ಪ್ರಯೋಜನವಿಲ್ಲ. ಅವರಿಗೆ ತೊಂದರೆ ಕೊಡುವ ಓವಾಲ್ಬುಮಿನ್, ಓವೋಮ್ಯೂಕಾಯ್ಡ್ ಎರಡೂ ಕೋಳಿಯೇ ತಯಾರಿಸುವ ಪ್ರೋಟೀನುಗಳು. ರಾಗಿ ಹಾಕಿ, ಸಜ್ಜೆ ಹಾಕಿ, ಬಿಳಿ ಭಾಗದಲ್ಲಿ ಅವು ಇದ್ದೇ ಇರುತ್ತವೆ. 'ಈ ಮೊಟ್ಟೆ ಅಲರ್ಜಿ ಇದ್ದವರೂ ತಿನ್ನಬಹುದು' ಅಂತ ಯಾರಾದರೂ ಮಾರಿದರೆ ನಂಬಬೇಡಿ. ಮಗುವಿನ ಮೇಲೆ ಪರೀಕ್ಷೆ ಮಾಡಿ ನೋಡುವ ವಿಷಯವೂ ಅಲ್ಲ, ಡಾಕ್ಟರ ಹತ್ತಿರ ಕೇಳಬೇಕು.

ಹಾಗಾಗಿ ನಮಗೆ ಬೇಕಿದ್ದದ್ದು ಒಂದೇ: ಮಗಳು ಕೈಯಲ್ಲಿ ಹಿಡಿಯಬಹುದಾದ ಮೇವು. ಸಾವಯವ ಅನ್ನುವುದು ನನ್ನ ಆಸೆ, ಅದು ಎರಡನೆಯದು.

ಫೀಡ್ ಅಂಗಡಿಯವರನ್ನು ಕೇಳಿದಾಗ, "ಶೇಂಗಾ ಹಿಂಡಿ ಇಲ್ಲದ ಫೀಡ್ ಬೇಕಾ? ಮೇಡಂ, ಅದು ಇದ್ದರೆ ಒಳ್ಳೆ ಫೀಡ್ ಅಂತ ಜನ ಜಾಸ್ತಿ ದುಡ್ಡು ಕೊಡ್ತಾರೆ" ಅಂದರು. ಅವರ ಮಾತು ತಪ್ಪಲ್ಲ. ಕೊನೆಗೆ ಆನ್‌ಲೈನ್‌ನಲ್ಲಿ ಈ 25 ಕೆಜಿಯ ಚೀಲ ಸಿಕ್ಕಿತು. ಕೆಜಿಗೆ ಸಾಗಣೆ ಸೇರಿ 95 ರೂ. ಬಿತ್ತು. ಮನೆ ಬಾಗಿಲಿಗೆ ಬರುವುದಿಲ್ಲ, ಪಾರ್ಸೆಲ್ ಆಫೀಸಿಗೆ ಹೋಗಿ ಹೊತ್ತುಕೊಂಡು ಬರಬೇಕು.

ಮೊದಲು ಒಳ್ಳೆಯದು ಹೇಳುತ್ತೇನೆ. ಚೀಲ ಬಿಚ್ಚಿದರೆ ವಾಸನೆಯೇ ಬೇರೆ. ಮುಗ್ಗಲು ಇಲ್ಲ, ಹಳೇ ಎಣ್ಣೆಯ ಕಮಟು ಇಲ್ಲ. ಮೆಕ್ಕೆಜೋಳದ ನುಚ್ಚು, ರಾಗಿ, ಸಜ್ಜೆ, ಎಳ್ಳು ಹಿಂಡಿ, ಮೀನಿನ ಪುಡಿ ಎಲ್ಲ ಕಣ್ಣಿಗೆ ಕಾಣುತ್ತದೆ. ಮಗಳ ಕೈ ಮೇಲಿನ ದದ್ದು ನಿಂತಿತು. ಕೋಳಿಗಳು ಮೊದಮೊದಲು ಮೂಗು ಮುರಿದವು. ಹಳೆಯದರ ಜೊತೆ ಒಂದು ವಾರ, ಹತ್ತು ದಿನ ಬೆರೆಸಿ ಬೆರೆಸಿ ಬದಲಾಯಿಸಿದೆ, ಆಮೇಲೆ ಒಗ್ಗಿಕೊಂಡವು. ಒಂದೇ ದಿನಕ್ಕೆ ಮೇವು ಬದಲಾಯಿಸಿದರೆ ಮೊಟ್ಟೆ ಇಳಿಯುವುದು ಮಾಮೂಲು. ಎಷ್ಟೋ ಜನ ಒಂದು ಚೀಲ ಹಾಕಿ, ಮೊಟ್ಟೆ ಕಡಿಮೆಯಾಯಿತು ಅಂತ ಒಂದು ಸ್ಟಾರ್ ಕೊಟ್ಟು ಹೋಗಿದ್ದಾರೆ. ಅದು ಅನ್ಯಾಯ. ಮಳೆಗಾಲದ ಮೋಡದಲ್ಲಿ, ಹಗಲು ಕಡಿಮೆಯಿರುವ ಕಾರ್ತೀಕದಲ್ಲಿ, ಪುಕ್ಕ ಉದುರಿಸುವ ಸಮಯದಲ್ಲಿ ಯಾವ ಫೀಡ್ ಹಾಕಿದರೂ ಹೇಂಟೆ ರಜಾ ಹಾಕುತ್ತದೆ. ಚೆನ್ನಾಗಿ ಮೊಟ್ಟೆ ಇಡಲು ಅದಕ್ಕೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು.

ಇನ್ನು ದೂರುಗಳು. ದೊಡ್ಡದು ಇದು: ಕಾಳು ಕಾಳಾಗಿ ಕಾಣುವುದೇ ಈ ಫೀಡಿನ ಅಂದ, ಅದೇ ಅದರ ದೋಷ. ಕೋಳಿ ಆರಿಸಿ ತಿನ್ನುತ್ತದೆ. ಜೋಳದ ನುಚ್ಚು, ಸಜ್ಜೆ ಎಲ್ಲ ಸಂಜೆಯೊಳಗೆ ಖಾಲಿ, ತೊಟ್ಟಿಯ ತಳದಲ್ಲಿ ಬೂದಿಯ ಹಾಗೆ ಪುಡಿ. ಮೀನಿನ ಪುಡಿ, ಖನಿಜದ ಪುಡಿ, ಸುಣ್ಣದ ಅಂಶ ಎಲ್ಲ ಇರುವುದು ಆ ಪುಡಿಯಲ್ಲೇ! ದುಡ್ಡು ಕೊಟ್ಟದ್ದು ಅದಕ್ಕೆ, ಉಳಿದದ್ದೂ ಅದೇ. ಎರಡನೇ ಚೀಲ ಮುಗಿಯುವ ಹೊತ್ತಿಗೆ ಮೊಟ್ಟೆಯ ಸಿಪ್ಪೆ ತೆಳುವಾಯಿತು, ಬೆರಳಲ್ಲಿ ಒತ್ತಿದರೆ ಬಿರುಕು. ಈಗ ಬೆಳಗಿನ ಮೇವಿಗೆ ಸ್ವಲ್ಪ ಮಜ್ಜಿಗೆ ನೀರು ಚಿಮುಕಿಸಿ ಕಲಸಿ ಹಾಕುತ್ತೇನೆ. ಪುಡಿ ಕಾಳಿಗೆ ಅಂಟಿಕೊಳ್ಳುತ್ತದೆ, ಎಲ್ಲ ಖಾಲಿ. ಕಲಸಿದ್ದನ್ನು ಮಧ್ಯಾಹ್ನದ ಮೇಲೆ ಇಡಬಾರದು, ಹುಳಿಯಾಗುತ್ತದೆ.

ಸಿಪ್ಪೆಯ ಲೆಕ್ಕ ಸರಳ. ಒಂದು ಮೊಟ್ಟೆಯ ಸಿಪ್ಪೆಯಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ ಹೇಂಟೆಗೆ ದಿನಕ್ಕೆ 4 ಗ್ರಾಂ ಹತ್ತಿರ ಬೇಕು. ಹೇಂಟೆ ದಿನಕ್ಕೆ ತಿನ್ನುವುದು 100ರಿಂದ 120 ಗ್ರಾಂ ಮೇವು. ಅಂದರೆ ಮೇವಿನಲ್ಲಿ ಶೇ. 3.5ರಿಂದ 4 ಕ್ಯಾಲ್ಸಿಯಂ ಇರಬೇಕು. ಈ ಚೀಲದ ಮೇಲೆ ಪ್ರೋಟೀನ್ ಶೇ. 16 ಅಂತ ಇದೆ, ಕ್ಯಾಲ್ಸಿಯಂ ಎಷ್ಟು ಅಂತ ಎಲ್ಲೂ ಇಲ್ಲ. ಫೋನ್ ಮಾಡಿ ಕೇಳಿದರೆ "ರಾಗಿ ಹಾಕಿದ್ದೇವಲ್ಲ, ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ" ಅನ್ನುವ ಉತ್ತರ. ರಾಗಿಯ ಕ್ಯಾಲ್ಸಿಯಂ ನಮ್ಮ ಲೆಕ್ಕಕ್ಕೆ ಜಾಸ್ತಿ, ಕೋಳಿಯ ಲೆಕ್ಕಕ್ಕಲ್ಲ. 100 ಗ್ರಾಂ ರಾಗಿಯಲ್ಲಿ ಇರುವುದು ಅರ್ಧ ಗ್ರಾಂಗಿಂತಲೂ ಕಡಿಮೆ. ಬರೀ ರಾಗಿ ತಿಂದು ಹೇಂಟೆ ಸಿಪ್ಪೆ ಕಟ್ಟಲಾರದು. ಕರಾವಳಿಯ ಕಡೆಯಿಂದ ಬರುವ ಕಪ್ಪೆಚಿಪ್ಪಿನ ಚೂರು ತಂದು ಬೇರೆ ಬಟ್ಟಲಲ್ಲಿ ಇಟ್ಟೆ. ಯಾವ ಹೇಂಟೆಗೆ ಬೇಕೋ ಅದು ತಿನ್ನುತ್ತದೆ, ಹುಂಜ ಮೂಸಿಯೂ ನೋಡುವುದಿಲ್ಲ. ಮೇವಿಗೇ ಬೆರೆಸದೆ ಇರುವುದಕ್ಕೆ ಇನ್ನೊಂದು ಕಾರಣವೂ ಇದೆ. ಇನ್ನೂ ಮೊಟ್ಟೆಗೆ ಬಾರದ ಮರಿಗಳಿಗೆ ಅಷ್ಟು ಸುಣ್ಣ ಮೂತ್ರಪಿಂಡಕ್ಕೆ ಹೊರೆ.

ಎರಡನೇ ದೂರು 'ಶೇಂಗಾ ಇಲ್ಲ' ಅನ್ನುವ ಮಾತಿನ ಬಗ್ಗೆ. ಫೀಡಿಗೆ ಶೇಂಗಾ ಹಾಕುವುದಿಲ್ಲ ಸರಿ. ಎಳ್ಳು ಹಿಂಡಿ ಎಲ್ಲಿಂದ ಬರುತ್ತದೆ? ಗಾಣದಿಂದ. ಆ ಗಾಣದಲ್ಲಿ ಹಿಂದಿನ ದಿನ ಏನು ಅರೆದಿದ್ದರು? ನಮ್ಮ ಕಡೆಯ ಗಾಣಗಳಲ್ಲಿ ಒಂದೇ ಯಂತ್ರದಲ್ಲಿ ಇವತ್ತು ಶೇಂಗಾ, ನಾಳೆ ಕೊಬ್ಬರಿ, ನಾಡಿದ್ದು ಎಳ್ಳು ಹಾಕುತ್ತಾರೆ. ಕಂಪನಿಯವರನ್ನು ಈ ಪ್ರಶ್ನೆ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಗಿರಣಿಯಲ್ಲೂ ಬೇರೆ ಫೀಡುಗಳು ತಯಾರಾಗುತ್ತವೆ, ನಡುವೆ ಯಂತ್ರ ತೊಳೆಯುತ್ತೇವೆ ಅಂದರು. ಮುಚ್ಚಿಡದೆ ಹೇಳಿದ್ದಕ್ಕೆ ಮೆಚ್ಚುಗೆ ಇದೆ. ಆದರೆ ಆ ಮಾತು ಚೀಲದ ಮೇಲೂ ಇರಬೇಕಲ್ಲ? ನಮ್ಮ ಮಗಳಿಗೆ ಆಗುವುದು ದದ್ದು ಮಾತ್ರ, ಅಷ್ಟು ಸಣ್ಣ ಬೆರಕೆಗೆ ಏನೂ ಆಗಿಲ್ಲ. ಉಸಿರು ಕಟ್ಟುವಷ್ಟು ಅಲರ್ಜಿ ಇರುವ ಮನೆಯವರು ಚೀಲದ ಮೇಲಿನ ಮಾತು ನಂಬಿ ಮಗುವಿನ ಕೈಗೆ ಕೊಡಬೇಡಿ. ಎಳ್ಳೂ ಕೆಲವರಿಗೆ ಆಗುವುದಿಲ್ಲ, ಮೀನೂ ಆಗುವುದಿಲ್ಲ. ಹಾಗಿರುವಾಗ 'ಅಲರ್ಜಿ ಮುಕ್ತ' ಅಂತ ಒಟ್ಟಾರೆ ಬರೆಯುವುದೇ ಸುಳ್ಳು. ಏನು ಹಾಕಿಲ್ಲ ಅನ್ನುವುದಕ್ಕಿಂತ ಏನು ಹಾಕಿದ್ದೇವೆ ಅನ್ನುವ ಪೂರ್ತಿ ಪಟ್ಟಿ ಕೊಟ್ಟರೆ ಸಾಕು.

ಸಾವಯವದ ವಿಷಯ. ಮೊದಲ ಚೀಲಗಳ ಮೇಲೆ ಹಸಿರು ಎಲೆಯ ಚಿತ್ರ ಬಿಟ್ಟರೆ ಯಾವ ಮುದ್ರೆಯೂ ಇರಲಿಲ್ಲ. ನಮ್ಮಲ್ಲಿ ಲೆಕ್ಕಕ್ಕೆ ಬರುವುದು ಎರಡು ದಾರಿ. ಒಂದು, ಕೇಂದ್ರದ ಕೃಷಿ ರಫ್ತು ಸಂಸ್ಥೆ ಅಪೆಡಾ ನೋಡಿಕೊಳ್ಳುವ ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಪ್ರಮಾಣಪತ್ರ, ಅದಕ್ಕೆ 'ಇಂಡಿಯಾ ಆರ್ಗ್ಯಾನಿಕ್' ಮುದ್ರೆ. ಇನ್ನೊಂದು, ರೈತರ ಗುಂಪುಗಳೇ ಒಬ್ಬರನ್ನೊಬ್ಬರು ಪರಿಶೀಲಿಸುವ ಪಿಜಿಎಸ್ ಇಂಡಿಯಾ. ಅದರಲ್ಲಿ 'ಪಿಜಿಎಸ್ ಗ್ರೀನ್' ಅಂತಿದ್ದರೆ ಆ ಜಮೀನು ಇನ್ನೂ ಸಾವಯವಕ್ಕೆ ಬದಲಾಗುತ್ತಿದೆ ಅಂತ. ಕಂಪನಿಯವರು ನನಗೆ ಕಳಿಸಿದ ಕಾಗದ ರಾಗಿ ಮತ್ತು ಸಜ್ಜೆ ಬೆಳೆದವರದ್ದು, ಪಿಜಿಎಸ್ ಗ್ರೀನ್. ಮೆಕ್ಕೆಜೋಳದ ಬಗ್ಗೆ ಏನೂ ಇಲ್ಲ. ಸಮುದ್ರದಲ್ಲಿ ಹಿಡಿದ ಮೀನನ್ನಂತೂ ಯಾರೂ ಸಾವಯವವಾಗಿ ಬೆಳೆದಿರುವುದಿಲ್ಲ. ಹಾಗಾಗಿ ಚೀಲದ ಒಂದು ಭಾಗ ಸಾವಯವದ ದಾರಿಯಲ್ಲಿದೆ ಅನ್ನಬಹುದು, ಅಷ್ಟೇ.

ಕುಲಾಂತರಿ, ಅಂದರೆ ಜೀನ್ ಬದಲಿಸಿದ ಬೆಳೆ, ಬಗ್ಗೆ ಕೇಳುವವರಿಗೆ ಒಂದು ಮಾತು. ನಮ್ಮ ದೇಶದಲ್ಲಿ ರೈತರು ಬೆಳೆಯುವ ಮೆಕ್ಕೆಜೋಳ, ಸೋಯಾ ಎರಡಕ್ಕೂ ಕುಲಾಂತರಿ ಬೀಜದ ಅನುಮತಿ ಇಲ್ಲ. ಹತ್ತಿಗೆ ಮಾತ್ರ ಇರುವುದು. ಆದರೆ 2021ರಲ್ಲಿ ಸೋಯಾ ಹಿಂಡಿಯ ಬೆಲೆ ಏರಿದಾಗ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯನ್ನು ಹೊರಗಿನಿಂದ ತರಲು ಬಿಟ್ಟಿತ್ತು. ಕೋಳಿ ಸಾಕುವವರೇ ಅದನ್ನು ಕೇಳಿದ್ದರು. ಹತ್ತಿಕಾಳಿನ ಹಿಂಡಿ ಇರುವ ಫೀಡಿನಿಂದ ನಾನು ದೂರ. ಅದರಲ್ಲಿರುವ ಗಾಸಿಪಾಲ್ ಅನ್ನುವ ಅಂಶದಿಂದ ಮೊಟ್ಟೆಯ ಹಳದಿ ಭಾಗ ಕಂದು ಹಸಿರಿಗೆ ತಿರುಗಬಹುದು.

ಮಳೆಗಾಲ ಬಂದಾಗ ಇನ್ನೊಂದು ಪಾಠ. ಆಷಾಢದಲ್ಲಿ ಬಂದ ಚೀಲದ ಒಂದು ಮೂಲೆ ಒದ್ದೆಯಾಗಿ ಗಂಟು ಕಟ್ಟಿತ್ತು. ಮೆಕ್ಕೆಜೋಳ, ಹಿಂಡಿಗಳಲ್ಲಿ ಬೂಸ್ಟು ಹಿಡಿದರೆ ಅಫ್ಲಾಟಾಕ್ಸಿನ್ ಅನ್ನುವ ವಿಷ ಬರುತ್ತದೆ, ಕೋಳಿಯ ಲಿವರ್ ಹಾಳು. ಬಿಸಿಲಿಗೆ ಹರವಿದರೂ, ಬೇಯಿಸಿದರೂ ಅದು ಹೋಗುವುದಿಲ್ಲ. ಅತ್ತೆ "ಒಣಗಿಸಿ ಹಾಕೋಣ, ದುಡ್ಡು ಕೊಟ್ಟದ್ದು" ಅಂದರು. ನಾನು ಗುಂಡಿಗೆ ಹಾಕಿದೆ, ಎರಡು ದಿನ ಮಾತಿಲ್ಲ. ಕಂಪನಿಯವರು ಫೋಟೋ ಕೇಳಿ, ಮುಂದಿನ ಬಿಲ್ಲಿನಲ್ಲಿ ಅರ್ಧ ದುಡ್ಡು ಕಡಿಮೆ ಮಾಡಿದರು. ಉಳಿದರ್ಧ ಪಾರ್ಸೆಲ್‌ನವರದ್ದಂತೆ.

ಖರ್ಚು ನೋಡೋಣ. ಎಂಟು ಹೇಂಟೆಗೆ ದಿನಕ್ಕೆ ಸುಮಾರು 880 ಗ್ರಾಂ, ದಿನಕ್ಕೆ ಸರಾಸರಿ ನಾಲ್ಕು ಮೊಟ್ಟೆ. ಈ ಫೀಡ್ ಒಂದನ್ನೇ ಹಾಕಿದರೆ ಮೊಟ್ಟೆಗೆ ಹತ್ತಿರ ಹತ್ತಿರ 21 ರೂ. ಅಂಗಡಿಯ ಮ್ಯಾಶ್ ಕೆಜಿಗೆ 38 ರೂ. ಆದರೆ ಮೊಟ್ಟೆಗೆ ಎಂಟೂವರೆ ಹತ್ತಿರ. ಸಂತೆಯಲ್ಲಿ ನಾಟಿ ಮೊಟ್ಟೆಯೇ ಆ 21 ರೂ.ಗಿಂತ ಅಗ್ಗ. ಮಾರುವುದಕ್ಕಾಗಿ ಕೋಳಿ ಸಾಕುವವರು ಈ ಚೀಲದ ಕಡೆ ತಿರುಗಿಯೂ ನೋಡಬೇಡಿ.

ಈಗ ನಾನು ಪೂರ್ತಿ ಅದನ್ನೇ ನೆಚ್ಚಿಕೊಂಡಿಲ್ಲ. ಚಳಿಗಾಲ, ಬೇಸಿಗೆಯಲ್ಲಿ ನಮ್ಮದೇ ಮಿಶ್ರಣ. 100 ಕೆಜಿಗೆ ಮೆಕ್ಕೆಜೋಳ 35, ರಾಗಿ 15, ತೌಡು 10, ಎಳ್ಳು ಹಿಂಡಿ 10, ಹುರಿದು ಒಡೆಸಿದ ಹುರುಳಿ 12, ಉಪ್ಪು ಹಾಕದ ಒಣ ಮೀನು 8, ಚಿಪ್ಪಿನ ಪುಡಿ 8, ಖನಿಜ ಮಿಶ್ರಣ 2. ಚಿಪ್ಪಿನ ಪುಡಿ ಬೆರೆಸಿರುವುದರಿಂದ ಇದು ಮೊಟ್ಟೆ ಇಡುವ ಹೇಂಟೆಗಳಿಗೆ, ಮರಿಗಳಿಗಲ್ಲ. ಪ್ರೋಟೀನ್ ಶೇ. 15ರ ಮೇಲೆ ಬರುತ್ತದೆ. ಇದರ ಜೀವಾಳ ಎಳ್ಳು ಮತ್ತು ಹುರುಳಿಯ ಜೋಡಿ. ಮೆಥಿಯೋನಿನ್, ಲೈಸಿನ್ ಎರಡೂ ಪ್ರೋಟೀನ್ ಕಟ್ಟಲು ಬೇಕಾದ ಅಮೈನೋ ಆಮ್ಲಗಳು. ಎಳ್ಳಿನಲ್ಲಿ ಮೆಥಿಯೋನಿನ್ ಜಾಸ್ತಿ, ಲೈಸಿನ್ ಕಡಿಮೆ. ಹುರುಳಿಯಲ್ಲಿ ಅದರ ಉಲ್ಟಾ. ಮೆಥಿಯೋನಿನ್ ಸಾಲದಿದ್ದರೆ ಕೋಳಿಗಳು ಒಂದರ ಪುಕ್ಕ ಇನ್ನೊಂದು ಕೀಳಲು ಶುರು ಮಾಡುತ್ತವೆ. ಹುರುಳಿ ಹಸಿಯಾಗಿ ಹಾಕಬಾರದು, ಪ್ರೋಟೀನ್ ಜೀರ್ಣವಾಗಲು ಬಿಡದ ಅಂಶ ಅದರಲ್ಲಿದೆ, ಹುರಿದರೆ ಕಡಿಮೆಯಾಗುತ್ತದೆ. ಒಣ ಮೀನು ಉಪ್ಪಿನದಾದರೆ ಕೋಳಿ ಸಾಯಲೂಬಹುದು, ಕೇಳಿ ತನ್ನಿ. ಇಲ್ಲಿ ಪುಡಿ ಎಲ್ಲ ಒಟ್ಟಿಗೇ ಬೀಸುವುದರಿಂದ ಆರಿಸಿ ತಿನ್ನುವ ಆಟ ನಡೆಯುವುದಿಲ್ಲ. ಹೊರಗೆ ಬಿಟ್ಟಾಗ ನುಗ್ಗೆ ಸೊಪ್ಪು, ಹರಿವೆ, ದೀಪಾವಳಿ ಆದಮೇಲೆ ಉಳಿದ ಚೆಂಡು ಹೂ ಎಲ್ಲ ತಿನ್ನುತ್ತವೆ, ಹಳದಿಗೆ ಒಳ್ಳೆ ಬಣ್ಣ ಬರುತ್ತದೆ. ಕೆಜಿಗೆ 55 ರೂ. ಒಳಗೆ ಮುಗಿಯುತ್ತದೆ. ಎಳ್ಳು ಹಿಂಡಿಗೆ ಮಾತ್ರ ಎಳ್ಳನ್ನಷ್ಟೇ ಅರೆಯುವ ಗಾಣ ಹುಡುಕಿ ಇಟ್ಟುಕೊಂಡಿದ್ದೇನೆ, ಸ್ವಲ್ಪ ದೂರ.

ಮಳೆಗಾಲದಲ್ಲಿ ಮಿಶ್ರಣ ಮಾಡಿ ಇಡಲು ಆಗುವುದಿಲ್ಲ, ಆಗ ಕಂಪನಿಯ ಚೀಲವೇ. ಇತ್ತೀಚಿನ ಚೀಲಗಳಲ್ಲಿ ಒಳಗೆ ಇನ್ನೊಂದು ಪ್ಲಾಸ್ಟಿಕ್ ಪದರ ಹಾಕಿದ್ದಾರೆ, ತಯಾರಾದ ತಾರೀಖೂ ಇದೆ. ಕ್ಯಾಲ್ಸಿಯಂ ಎಷ್ಟು ಅಂತ ಮಾತ್ರ ಇನ್ನೂ ಬರೆದಿಲ್ಲ. ಅದನ್ನು ಬರೆದು, ಮೆಕ್ಕೆಜೋಳದ ಕಾಗದ ಕೊಟ್ಟ ದಿನ ಇನ್ನೊಂದು ಸ್ಟಾರ್ ಸೇರಿಸುತ್ತೇನೆ.